ಎರಡು ಮಹಡಿ ನುಂಗಿದ ಸಮೀಕರಣ

ತಂಗಿಯ ಮಗಳು ಪುಣೆಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಶನಿವಾರ ಸಂಜೆ ಸಿಂಹಗಡ ರಸ್ತೆಯ ನಮ್ಮ ಮನೆಗೆ ಬಂದು, ಭಾನುವಾರ ರಾತ್ರಿ ಊಟ ಮುಗಿಸಿಕೊಂಡು ಹಾಸ್ಟೆಲಿಗೆ ಮರಳುವುದು ಅವಳ ವಾಡಿಕೆ. ಒಮ್ಮೆ ಹಾಗೆ ಬಂದವಳು ಚೀಲದಿಂದ ನೋಟುಪುಸ್ತಕ ತೆಗೆದು, “ಮಾಮಾ, ವಿಧಾನ ಸರಿಯಾಗಿದೆ, ಆದರೆ ಉತ್ತರ ಸರಿಯಾಗಿ ಅರ್ಧ ಬರುತ್ತಿದೆ” ಎಂದಳು. ಉತ್ತರ ಅರ್ಧ ಬಂದಿದೆ ಎಂದರೆ ನನ್ನಂಥ ಹಳೆಯ ಎಂಜಿನಿಯರನಿಗೆ ಅದೊಂದು ಸಮಾಧಾನದ ಸುದ್ದಿಯೇ, ಏಕೆಂದರೆ ಎಲ್ಲೋ ವ್ಯಾಸವಿರಬೇಕಾದ ಜಾಗದಲ್ಲಿ ತ್ರಿಜ್ಯ ಕುಳಿತಿರುತ್ತದೆ, ಅದನ್ನು ಎಬ್ಬಿಸಿದರೆ ಕೆಲಸ ಮುಗಿಯುತ್ತದೆ. ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ನೋಡಿದೆ. ತ್ರಿಜ್ಯ ತ್ರಿಜ್ಯದ ಜಾಗದಲ್ಲಿಯೇ ಇತ್ತು.

ಲೆಕ್ಕ ಹೀಗಿತ್ತು. ಒಂದರೊಳಗೊಂದು ಇಟ್ಟ ಎರಡು ಕೊಳವೆಗಳಿವೆ. ಹೊರಗಿನದರ ಒಳಮೈಯ ತ್ರಿಜ್ಯ 50 ಮಿಲಿಮೀಟರ್, ಒಳಗಿನದರ ಹೊರಮೈಯ ತ್ರಿಜ್ಯ 49 ಮಿಲಿಮೀಟರ್. ನಡುವೆ ಉಳಿದ ಒಂದು ಮಿಲಿಮೀಟರಿನ ಸಂದಿಯಲ್ಲಿ ದಪ್ಪನೆಯ ಎಣ್ಣೆಯೊಂದು ಒತ್ತಡಕ್ಕೆ ಮಣಿದು ಕೊಳವೆಯ ಉದ್ದಕ್ಕೂ ನಿಧಾನವಾಗಿ ಹರಿಯುತ್ತಿದೆ. ಸಂದಿಯ ನಟ್ಟನಡುವೆ ಎಣ್ಣೆಯ ವೇಗವೆಷ್ಟು? ಒತ್ತಡ ತಳ್ಳುವ ಬಲವನ್ನೂ ಸ್ನಿಗ್ಧತೆ ಹಿಡಿದೆಳೆಯುವ ಬಲವನ್ನೂ ಸಮ ಮಾಡಿ ಎರಡು ಬಾರಿ ಅನುಕಲನ ಮಾಡಿದರೆ ವೇಗಕ್ಕೆ ಒಂದು ಸೂತ್ರ ಸಿಗುತ್ತದೆ. ಕೇಂದ್ರದಿಂದ ಇರುವ ದೂರವನ್ನು ‘ತ’ ಎಂದೂ, ಒತ್ತಡದ ಇಳಿಜಾರನ್ನು ಸ್ನಿಗ್ಧತೆಯ ನಾಲ್ಕು ಪಟ್ಟಿನಿಂದ ಭಾಗಿಸಿದ್ದನ್ನು ‘ಗ’ ಎಂದೂ ಕರೆದರೆ ಅದು ಹೀಗಿದೆ:

ವೇಗ = −ಗ × ತ² + ಸ1 × ಲಾಗ್ ತ + ಸ2

ಲಾಗ್ ಎಂದರೆ ಇಲ್ಲಿ ಸ್ವಾಭಾವಿಕ ಲಾಗ್. ಎರಡು ಬಾರಿ ಅನುಕಲನ ಮಾಡಿದ್ದರಿಂದ ಸ1, ಸ2 ಎಂಬ ಎರಡು ಸ್ಥಿರಾಂಕಗಳು ಬಂದು ಕುಳಿತಿವೆ. ಅವುಗಳ ಬೆಲೆ ಸೂತ್ರದೊಳಗೆ ಎಲ್ಲಿಯೂ ಇಲ್ಲ. ಗೋಡೆಗೆ ತಾಗಿದ ದ್ರವ ಗೋಡೆಯೊಂದಿಗೇ ನಿಂತಿರುತ್ತದೆ ಎಂಬ ನಿಯಮವನ್ನು ಎರಡೂ ಗೋಡೆಗಳಿಗೆ ಹಚ್ಚಬೇಕು: ತ 50 ಆದಾಗ ವೇಗ ಸೊನ್ನೆ, ತ 49 ಆದಾಗಲೂ ವೇಗ ಸೊನ್ನೆ. ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು ಸಿಕ್ಕವು. ಒಂದರಿಂದ ಇನ್ನೊಂದನ್ನು ಕಳೆದರೆ ಸ2 ಬಿದ್ದುಹೋಗುತ್ತದೆ, ಸ1 ಎಂಬುದು 99 ಗ ಎಂಬುದನ್ನು 50/49ರ ಲಾಗ್‌ನಿಂದ ಭಾಗಿಸಿದಷ್ಟು ಎಂದು ಬರುತ್ತದೆ. ಇಲ್ಲಿಯವರೆಗೆ ಹುಡುಗಿ ಒಂದು ಅಕ್ಷರವನ್ನೂ ತಪ್ಪಿರಲಿಲ್ಲ.

ಮುಂದೆ ನಡುವಿನ ಬಿಂದು, ಅಂದರೆ 49.5. ಅಲ್ಲಿಯ ವೇಗ ಬೇಕಾದರೆ 50ರ ವರ್ಗದಿಂದ 49.5ರ ವರ್ಗವನ್ನು ಕಳೆದು ಬರುವ 49.75ರಿಂದ ಲಾಗ್ ಇರುವ ಭಾಗವನ್ನು ಕಳೆಯಬೇಕು. ಅವಳು ಲಾಗ್‌ಗಳನ್ನು ಶಾಲೆಯ ಅಭ್ಯಾಸದಂತೆ ನಾಲ್ಕು ದಶಮಾಂಶಗಳಿಗೆ ದುಂಡಾಗಿಸಿ, 50/49.5ರದ್ದು 0.0101, 50/49ರದ್ದು 0.0202 ಎಂದು ಬರೆದುಕೊಂಡಿದ್ದಳು. ಅವುಗಳ ಅನುಪಾತ ಸರಿಯಾಗಿ ಅರ್ಧ, 99ರ ಅರ್ಧ 49.50, ಹಾಗಾಗಿ ಉಳಿದದ್ದು 0.25 ಗ. ಪುಸ್ತಕದ ಹಿಂದೆ ಇದ್ದ ಉತ್ತರ 0.50 ಗ. ಸಂದಿ ಇಷ್ಟು ಕಿರಿದಾಗಿರುವಾಗ ಕೊಳವೆಗಳನ್ನು ಬಿಚ್ಚಿ ಹಾಸಿದಂತೆ ಎರಡು ಸಮತಟ್ಟಾದ ಹಲಗೆಗಳೆಂದು ಭಾವಿಸಿ ಬಾಯಿಲೆಕ್ಕ ಮಾಡಿದರೂ 0.50 ಗ ಎಂದೇ ಬರುತ್ತದೆ, ಆದ್ದರಿಂದ ಪುಸ್ತಕ ಸುಳ್ಳು ಹೇಳುತ್ತಿರಲಿಲ್ಲ. ಅದೇ ಲೆಕ್ಕವನ್ನು ಆರು ದಶಮಾಂಶಗಳೊಂದಿಗೆ ಮಾಡಿಸಿದೆ, 0.502 ಬಂತು. ಎಂಟು ಇಟ್ಟಾಗ 0.500 ಬಂತು. ನಾಲ್ಕನೆಯ ದಶಮಾಂಶದ ಆಚೆ ಅವಳು ಎಸೆದ ಧೂಳಿನಲ್ಲಿಯೇ ಅರ್ಧ ಉತ್ತರ ಹೋಗಿತ್ತು.

“ಅಂದರೆ ಕ್ಯಾಲ್ಕುಲೇಟರಿನ ತಪ್ಪು, ನನ್ನದಲ್ಲ” ಎಂದು ಅವಳು ಪುಸ್ತಕ ಮುಚ್ಚಲು ಹೊರಟಳು. ತಪ್ಪು ಅವಳದಲ್ಲ ಎಂಬುದೇನೋ ನಿಜ, ಆದರೆ ಕ್ಯಾಲ್ಕುಲೇಟರಿನದೂ ಅಲ್ಲ. ಎರಡು ಸಮೀಕರಣಗಳು ಬೇಕು ಎಂದು ಕೇಳಿದಾಗ ನಾವು ಅವನ್ನು ತಂದದ್ದು 50ರಿಂದ ಮತ್ತು 49ರಿಂದ, ಅಂದರೆ ಒಂದಕ್ಕೊಂದು ಮೈ ತಾಗುವಷ್ಟು ಸಮೀಪದ ಎರಡು ಗೋಡೆಗಳಿಂದ. ಮೊದಲನೆಯ ಗೋಡೆ ಹೇಳಿದ್ದನ್ನೇ ಎರಡನೆಯ ಗೋಡೆ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಹೇಳುತ್ತದೆ. ಇಬ್ಬರು ಸಾಕ್ಷಿಗಳು ಒಂದೇ ಕಿಟಕಿಯಿಂದ ನೋಡಿದ್ದರೆ ವಕೀಲನಿಗೆ ದಕ್ಕುವುದು ಒಂದೂಕಾಲು ಸಾಕ್ಷ್ಯ ಮಾತ್ರ. ಸ1 ಮತ್ತು ಸ2 ಸಿಗುವುದು ಆ ಎರಡು ಹೇಳಿಕೆಗಳ ನಡುವಿನ ಅತ್ಯಲ್ಪ ವ್ಯತ್ಯಾಸದಿಂದ. ಆ ವ್ಯತ್ಯಾಸವನ್ನೇ ಒರೆಸಿಬಿಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ.

ಇದನ್ನು ಶಾಲೆಯಲ್ಲಿ ಯಾರೂ ಹೇಳುವುದಿಲ್ಲ. ನಾನು ಧಾರವಾಡದಲ್ಲಿ ಕನ್ನಡ ಮಾಧ್ಯಮದಲ್ಲಿ ಏಕಕಾಲಿಕ ಸಮೀಕರಣಗಳನ್ನು ಬಿಡಿಸಿದವನು. ಅವಳು ಪುಣೆಯಲ್ಲಿ ಹತ್ತನೆಯ ತರಗತಿಯಲ್ಲಿ ಅವನ್ನೇ ‘ಏಕಸಾಮಯಿಕ ಸಮೀಕರಣೆ’ ಎಂದು ಕಲಿತವಳು, ಜೊತೆಗೆ ಕ್ರೇಮರನ ಪದ್ಧತಿಯನ್ನೂ ಅದಕ್ಕೆ ಬೇಕಾದ ‘ನಿಶ್ಚಯಕ’ವನ್ನೂ, ಅಂದರೆ ಗುಣಕಗಳನ್ನು ಅಡ್ಡಡ್ಡ ಗುಣಿಸಿ ಒಂದರಿಂದ ಇನ್ನೊಂದನ್ನು ಕಳೆದರೆ ಬರುವ ನಮ್ಮ ನಿರ್ಧಾರಕವನ್ನೂ, ಬಾಯಿಪಾಠ ಮಾಡಿದವಳು. ಜಿನೀವಾದ ಗೇಬ್ರಿಯಲ್ ಕ್ರೇಮರ್ 1750ರಲ್ಲಿ ಪ್ರಕಟಿಸಿದ ಆ ಪದ್ಧತಿ ಸೊಗಸಾಗಿದೆ: ನಿರ್ಧಾರಕ ಸೊನ್ನೆಯಾದರೆ ಒಂದೇ ನಿಶ್ಚಿತ ಉತ್ತರವಿಲ್ಲ, ಸೊನ್ನೆಯಲ್ಲದಿದ್ದರೆ ಇದೆ. ಪರೀಕ್ಷೆಗೆ ಇಷ್ಟು ಸಾಕು. ನಿರ್ಧಾರಕ ಸೊನ್ನೆಯಲ್ಲ, ಆದರೆ ಸೊನ್ನೆಯ ಪಕ್ಕದ ಮನೆಯಲ್ಲಿದೆ ಎಂದಾದರೆ ಏನು ಗತಿ ಎಂಬ ಪ್ರಶ್ನೆಯನ್ನು ಎರಡೂ ಊರುಗಳ ಮೇಷ್ಟರುಗಳು ಎತ್ತಲಿಲ್ಲ.

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಹಣ್ಣುಗಳ ಒಂದು ಲೆಕ್ಕವಿದೆ: 9 ಮಾದಳದ ಹಣ್ಣು ಮತ್ತು 7 ಬೇಲದ ಹಣ್ಣಿಗೆ 107 ನಾಣ್ಯ, 7 ಮಾದಳ ಮತ್ತು 9 ಬೇಲಕ್ಕೆ 101 ನಾಣ್ಯ, ಹಾಗಾದರೆ ಒಂದೊಂದರ ಬೆಲೆ ಎಷ್ಟು? ಮಾದಳಕ್ಕೆ 8, ಬೇಲಕ್ಕೆ 5. ಆ ಲೆಕ್ಕದ ನಿರ್ಧಾರಕ 81ರಿಂದ 49 ಕಳೆದು 32, ಸೊನ್ನೆಯಿಂದ ಸಾಕಷ್ಟು ದೂರ. ಅಂಗಡಿಯವನು ಒಂದು ನಾಣ್ಯ ಹೆಚ್ಚುಕಡಿಮೆ ಹೇಳಿದರೂ ಬೆಲೆ ಹೆಚ್ಚು ಅಲುಗಾಡುವುದಿಲ್ಲ. ಹಣ್ಣಿನ ಅಂಗಡಿಯಲ್ಲಿ ಯಾವ ಬುಟ್ಟಿ ಕೇಳಬೇಕು ಎಂಬುದು ಗಿರಾಕಿಯ ಕೈಯಲ್ಲಿರುತ್ತದೆ, ಕೊಳವೆಯ ಲೆಕ್ಕದಲ್ಲಿ ಗೋಡೆಗಳು ಇದ್ದಲ್ಲಿಯೇ ಇರುತ್ತವೆ.

ಇಷ್ಟು ಮಾತಾದ ಮೇಲೂ ಹುಡುಗಿಗೆ ಇದು ಪುಸ್ತಕದ ತಮಾಷೆ ಎಂದೇ ಅನಿಸಿದ್ದಿತು. ಅದು ಹಾಗಲ್ಲ ಎಂದು ತೋರಿಸಿಕೊಟ್ಟದ್ದು ನಮ್ಮ ವಸತಿ ಸಮುಚ್ಚಯದ ಪಂಪು.

ನಮ್ಮದು ನೆಲಮಹಡಿಯ ಮೇಲೆ ಹನ್ನೊಂದು ಅಂತಸ್ತು. ನೆಲದೊಳಗಿನ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಲು ಎರಡು ಪಂಪುಗಳಿವೆ, ಒಂದು ದುಡಿಯುವುದು, ಇನ್ನೊಂದು ಕಾಯ್ದಿಟ್ಟದ್ದು. ಎರಡರ ನೀರೂ ಒಂದೇ ಕೂಡುಕೊಳವೆಗೆ ಬಂದು, ಅಲ್ಲಿಂದ 65 ಮಿಲಿಮೀಟರಿನ ಹಳೆಯ ಕಬ್ಬಿಣದ ಕೊಳವೆಯಲ್ಲಿ ಮೇಲೇರುತ್ತದೆ. ಟ್ಯಾಂಕು ತುಂಬುವುದು ತಡವಾಗುತ್ತಿದೆ ಎಂದು ದೂರು ಬಂದಾಗ ಒಬ್ಬ ಗುತ್ತಿಗೆದಾರರು ದೊಡ್ಡ ಪಂಪು ಹಾಕಿಸಿ ಎಂದರು, ಮತ್ತೊಬ್ಬರು ಪಂಪು ಗಟ್ಟಿಯಾಗಿದೆ, ಕೊಳವೆಯನ್ನು ತಳದಿಂದ ತುದಿಯವರೆಗೆ ಬದಲಿಸಿ ಎಂದರು. ಇಬ್ಬರೂ ಏನನ್ನೂ ಅಳೆದಿರಲಿಲ್ಲ. ಸಮಿತಿಯವರು ನನ್ನ ಕಡೆ ನೋಡಿದರು. ನಿವೃತ್ತ ಎಂಜಿನಿಯರನಿಗೆ ಇಂಥ ನೋಟದಿಂದ ಬಿಡುಗಡೆಯಿಲ್ಲ.

ಪ್ರಶ್ನೆಯನ್ನು ಸಮೀಕರಣವಾಗಿ ಬರೆಯುವುದು ಸುಲಭ. ಕೂಡುಕೊಳವೆಯ ಮೇಲಿನ ಒತ್ತಡಮಾಪಕ ತೋರಿಸುವ ಒತ್ತಡವನ್ನು ನೀರಿನ ಮೀಟರುಗಳಲ್ಲಿ ‘ಒ’ ಎನ್ನೋಣ. ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಹತ್ತು ಮೀಟರ್ ನೀರು. ಈ ಒತ್ತಡ ಎರಡು ಕೆಲಸ ಮಾಡುತ್ತದೆ: ನೀರನ್ನು ಎತ್ತರಕ್ಕೆ ಏರಿಸುವುದು ಒಂದು, ಕೊಳವೆಯ ಘರ್ಷಣೆಯನ್ನು ಗೆಲ್ಲುವುದು ಇನ್ನೊಂದು. ಏರಿಸುವ ಎತ್ತರ ‘ಎ’ ಬದಲಾಗುವುದಿಲ್ಲ. ಘರ್ಷಣೆಯ ನಷ್ಟ ಹರಿವಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಹರಿವು ‘ಹ’ ಸೆಕೆಂಡಿಗೆ ಇಷ್ಟು ಲೀಟರ್ ಎಂದಾದರೆ,

ಒ = ಎ + ಘ × ಹ²

‘ಘ’ ಎಂಬುದು ಕೊಳವೆಯ ಜಾತಕ. ಅದರ ಉದ್ದ, ವ್ಯಾಸ, ಬಾಗುಗಳು, ಒಳಗೆ ಕಟ್ಟಿಕೊಂಡ ತುಕ್ಕು ಎಲ್ಲವೂ ಆ ಒಂದು ಅಂಕಿಯಲ್ಲಿ ಅಡಗಿವೆ. ಅದು ದೊಡ್ಡದಿದ್ದರೆ ತಪ್ಪು ಕೊಳವೆಯದು, ಚಿಕ್ಕದಿದ್ದರೆ ಕೊಳವೆಯನ್ನು ಬೈದು ಪ್ರಯೋಜನವಿಲ್ಲ. ಎರಡು ಬೇರೆಬೇರೆ ಹರಿವುಗಳಲ್ಲಿ ಒತ್ತಡ ಓದಿದರೆ ಎ ಮತ್ತು ಘ ಎರಡೂ ಸಿಗಬೇಕು. ಎ ನಮಗೆ ಮೊದಲೇ ಸುಮಾರಾಗಿ ಗೊತ್ತಿದೆಯಲ್ಲ ಎಂದು ಓದುಗರು ಕೇಳಬಹುದು. ಅದನ್ನು ಅಜ್ಞಾತವೆಂದೇ ಇಟ್ಟುಕೊಂಡದ್ದು ಉದ್ದೇಶಪೂರ್ವಕವಾಗಿ, ಉತ್ತರ ಬಂದ ಮೇಲೆ ಲೆಕ್ಕದ ಕಿವಿ ಹಿಂಡಲು ಒಂದು ಆಸರೆ ಇರಲೆಂದು.

ಹರಿವು ಅಳೆಯಲು ನಮ್ಮಲ್ಲಿ ಮೀಟರ್ ಇರಲಿಲ್ಲ, ಟ್ಯಾಂಕನ್ನೇ ಮೀಟರ್ ಮಾಡಿಕೊಂಡೆವು. ಅದರ ತಳ 4 ಮೀಟರ್ ಉದ್ದ, 3 ಮೀಟರ್ ಅಗಲ, ಅಂದರೆ 12 ಚದರ ಮೀಟರ್. ಮಧ್ಯಾಹ್ನ ಎರಡೂವರೆಗೆ, ಮನೆಗಳಿಗೆ ನೀರು ಬಿಡುವ ಕವಾಟವನ್ನು ಹತ್ತು ಹತ್ತು ನಿಮಿಷ ಮುಚ್ಚಿ, ಪಂಪು ನಡೆಸಿ, ನೀರು ಎಷ್ಟು ಏರಿತು ಎಂದು ನೋಡುವುದು ಯೋಜನೆ. ತಂಗಿಯ ಮಗಳು ಸ್ಟೀಲಿನ ಅಳತೆಪಟ್ಟಿ ಕಟ್ಟಿದ ಕೋಲು ಹಿಡಿದು ಟ್ಯಾಂಕಿನ ಬಾಯಿಯ ಬಳಿ ಕುಳಿತಳು. ನಾನು ಅವಳ ಪಕ್ಕದಲ್ಲಿ ಫೋನಿನ ಗಡಿಯಾರ ನೋಡುತ್ತ ನಿಂತೆ. ಕೆಳಗೆ ಪಂಪುಮನೆಯಲ್ಲಿ ಮಾಪಕದ ಮುಂದೆ ನಮ್ಮ ಪಂಪು ನೋಡಿಕೊಳ್ಳುವವನು. ವಿಜಯಪುರ ಜಿಲ್ಲೆಯ ಇಂಡಿಯ ಕಡೆಯವನು, ಸಮುಚ್ಚಯದಲ್ಲಿ ನನ್ನೊಂದಿಗೆ ಕನ್ನಡದಲ್ಲಿ ಜಗಳವಾಡಬಲ್ಲ ಏಕೈಕ ವ್ಯಕ್ತಿ.

ಆ ದಿನ ಎರಡನೆಯ ಪಂಪು ಕೆಟ್ಟು ಕುಳಿತಿತ್ತು. ಹಾಗಾಗಿ ಮೊದಲು ಪಂಪನ್ನು ಪೂರ್ತಿ ಬಿಟ್ಟು ಒಂದು ಓದು, ಆಮೇಲೆ ಪಂಪಿಗೂ ಮಾಪಕಕ್ಕೂ ನಡುವಿನ ಕವಾಟವನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಓದು ಎಂದು ಮಾಡಿದೆವು. ಕವಾಟ ಮಾಪಕದ ಹಿಂದಿರುವುದು ಮುಖ್ಯ. ಮುಂದಿದ್ದರೆ ಅದರ ಅಡಚಣೆಯೂ ಘ ಒಳಗೆ ಸೇರಿಕೊಂಡು ಎರಡು ಓದುಗಳು ಎರಡು ಬೇರೆ ಕೊಳವೆಗಳ ಕಥೆಯಾಗಿಬಿಡುತ್ತವೆ. ಮೊದಲ ಸಲ ಹತ್ತು ನಿಮಿಷದಲ್ಲಿ ನೀರು 250 ಮಿಲಿಮೀಟರ್ ಏರಿತು, ಅಂದರೆ ಸೆಕೆಂಡಿಗೆ 5 ಲೀಟರ್. ಮಾಪಕ 4.6. ಎರಡನೆಯ ಸಲ 230 ಮಿಲಿಮೀಟರ್, ಸೆಕೆಂಡಿಗೆ 4.6 ಲೀಟರ್. ಮಾಪಕ ಎಷ್ಟು ಎಂದು ಫೋನಿನಲ್ಲಿ ಕೇಳಿದಾಗ ಅತ್ತ ಕಡೆಯಿಂದ, “ಮುಳ್ಳ ಒಂದ ಕಡೆ ನಿಂದರವಲ್ದ್ರೀ ಸರ. ನಾಕೂವರಿ ಅಂದ್ರೂ ಸುಳ್ಳಲ್ಲ, ಅದಕ್ಕ ಒಂದ ಗೆರಿ ಕಡಿಮಿ ಅಂದ್ರೂ ಸುಳ್ಳಲ್ಲ” ಎಂಬ ಉತ್ತರ ಬಂತು. ಒಂದನ್ನು ಹೇಳು ಎಂದೆ. “ಹಂಗಾರ ಒಂದ ಗೆರಿ ಕಡಿಮಿನ ಬರಕೋರಿ.” 4.4 ಎಂದು ಬರೆದುಕೊಂಡೆ.

ಮನೆಗೆ ಬಂದು ಹುಡುಗಿ ಲೆಕ್ಕ ಮಾಡಿದಳು.

46 = ಎ + 25 ಘ
44 = ಎ + 21.16 ಘ

ಕಳೆದರೆ 2 = 3.84 ಘ, ಆದ್ದರಿಂದ ಘ 0.52, ಎ 33 ಮೀಟರ್. ಅವಳು ಪೆನ್ನು ಕೆಳಗಿಟ್ಟು ಕಿಟಕಿಯ ಹೊರಗೆ ನೋಡಿದಳು. “ಮಾಮಾ, ನಮ್ಮ ಕಟ್ಟಡದ ಎರಡು ಮಹಡಿ ಎಲ್ಲಿ ಹೋದವು?”

ಮಾಪಕದಿಂದ ನೀರು ಬೀಳುವ ಬಾಯಿಯವರೆಗಿನ ಎತ್ತರ ಸುಮಾರು 40 ಮೀಟರ್ ಇರಬೇಕಾದದ್ದು. ಅದೇ ಎರಡನೆಯ ಓದನ್ನು 4.5 ಎಂದು ಬರೆದುಕೊಂಡಿದ್ದರೆ ಘ 0.26, ಎ 39.5 ಎಂದು ಬಂದು ಎಲ್ಲರೂ ಸಂತೋಷದಿಂದ ಮಲಗುತ್ತಿದ್ದೆವು. 4.6 ಎಂದಿದ್ದರೆ ಘ ಸೊನ್ನೆಯಾಗಿ, ನಮ್ಮ ತುಕ್ಕುಹಿಡಿದ ಕೊಳವೆಯಲ್ಲಿ ಘರ್ಷಣೆಯೇ ಇಲ್ಲ ಎಂಬ ಪವಾಡ ಸಾಬೀತಾಗುತ್ತಿತ್ತು. ಮುಳ್ಳಿನ ಒಂದು ಗೆರೆಯ ನಡುಕ ಒಂದು ಮೀಟರ್, ಅದನ್ನು ಸಮೀಕರಣ ಆರೂವರೆ ಪಟ್ಟು ಹಿಗ್ಗಿಸಿ ನಮ್ಮ ತಲೆಯ ಮೇಲೆ ಹಾಕುತ್ತಿತ್ತು. ಆರೂವರೆ ಎಲ್ಲಿಂದ ಬಂತು ಎಂದರೆ 25ನ್ನು 3.84ರಿಂದ ಭಾಗಿಸಿದ್ದರಿಂದ. ಆ 3.84 ಇದೆಯಲ್ಲ, ಅದೇ ಇಲ್ಲಿಯ ನಿರ್ಧಾರಕ, ಸೊನ್ನೆಯ ಪಕ್ಕದ ಮನೆಯವನು. ಪಂಪು ನೋಡುವವನನ್ನು ದೂರುವಂತಿರಲಿಲ್ಲ. ಅವನು ಮುಳ್ಳಿನ ನಡುಕವನ್ನು ಇದ್ದಂತೆಯೇ ಹೇಳಿದ್ದ, ಒಂದೇ ಅಂಕಿ ಬೇಕೆಂದು ಹಟ ಹಿಡಿದವನು ನಾನು.

ಆ ತಪ್ಪು ಉತ್ತರವನ್ನು ನಂಬಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಘ 0.52 ಎಂದರೆ 46 ಮೀಟರಿನಲ್ಲಿ 13 ಮೀಟರ್ ಕೊಳವೆಯೇ ತಿನ್ನುತ್ತಿದೆ ಎಂದರ್ಥ. ಕೊಳವೆ ಬದಲಿಸಿ ಎಂದ ಗುತ್ತಿಗೆದಾರರಿಗೆ ಸಮಿತಿ ಮರುದಿನವೇ ಮುಂಗಡ ಕೊಟ್ಟುಬಿಡುತ್ತಿತ್ತು, ಅದೂ ಗಣಿತದ ಮುದ್ರೆಯೊಂದಿಗೆ.

ಎರಡು ವಾರದ ನಂತರ ಎರಡನೆಯ ಪಂಪು ರಿಪೇರಿಯಾಗಿ ಬಂತು. ಈ ಸಲ ಕವಾಟದ ತಂಟೆಗೆ ಹೋಗದೆ ಎರಡೂ ಪಂಪುಗಳನ್ನು ಒಟ್ಟಿಗೆ ನಡೆಸಿದೆವು. ಎರಡು ಪಂಪು ಎಂದರೆ ಎರಡು ಪಟ್ಟು ನೀರು ಎಂದು ಎದುರುಮನೆಯವರು ಪಂದ್ಯ ಕಟ್ಟಿದ್ದರು. ಹತ್ತು ನಿಮಿಷದಲ್ಲಿ ಏರಿದ್ದು 400 ಮಿಲಿಮೀಟರ್, ಅಂದರೆ ಸೆಕೆಂಡಿಗೆ 10 ಅಲ್ಲ, 8 ಲೀಟರ್. ಹರಿವು ಹೆಚ್ಚಾದಂತೆ ಘರ್ಷಣೆ ಅದರ ವರ್ಗದಂತೆ ಏರಿ ಎರಡೂ ಪಂಪುಗಳನ್ನು ಹಿಂದಕ್ಕೆ ಒತ್ತುತ್ತದೆ, ಆದ್ದರಿಂದ ಪ್ರತಿಯೊಂದೂ ಒಂಟಿಯಾಗಿ ಕೊಡುವುದಕ್ಕಿಂತ ಕಡಿಮೆ ಕೊಡುತ್ತದೆ. ಮಾಪಕ 5.6 ತೋರಿಸಿತು.

56 = ಎ + 64 ಘ
46 = ಎ + 25 ಘ

ಈಗ ನಿರ್ಧಾರಕ 39. ಘ 0.256, ಎ 39.6. ಮುಳ್ಳು ಈ ಮೇಲಿನ ಓದಿನಲ್ಲಿ ಒಂದು ಗೆರೆ ತಪ್ಪಿದರೂ ಎ ಜರುಗುವುದು 0.64 ಮೀಟರ್, ಕೆಳಗಿನ ಓದಿನಲ್ಲಿ ತಪ್ಪಿದರೆ 1.64 ಮೀಟರ್. ಮಾಪಕ ಅದೇ, ನಡುಕ ಅದೇ, ಓದುವ ಕಣ್ಣೂ ಅದೇ. ಬದಲಾದದ್ದು ನಾವು ಸಮೀಕರಣಗಳನ್ನು ಆರಿಸಿಕೊಂಡ ಜಾಗ ಮಾತ್ರ. ನೀರಿನ ಮಟ್ಟದ ಅಳತೆಯಲ್ಲಿ ಎರಡು ಮೂರು ಮಿಲಿಮೀಟರ್ ತಪ್ಪಿರಬಹುದು, ಅದು ಇಲ್ಲಿ ಸೆಂಟಿಮೀಟರುಗಳ ಮಾತು. ಮುಳ್ಳಿನ ಮುಂದೆ ಅದನ್ನು ಲೆಕ್ಕಿಸಬೇಕಾಗಿಲ್ಲ.

ಆಮೇಲೆ ಹುಡುಗಿಯೇ ಕೇಳಿದಳು, ಪಂಪು ನಿಲ್ಲಿಸಿದರೆ ಮಾಪಕ ಏನು ತೋರಿಸುತ್ತದೆ ಎಂದು. ನಾನು ಮೂವತ್ತು ವರ್ಷ ಪಂಪುಗಳ ನಡುವೆ ಬದುಕಿದವನು, ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಹರಿವು ಸೊನ್ನೆಯಾದರೆ ಘ ಸಮೀಕರಣದಿಂದ ತಾನಾಗಿ ಎದ್ದುಹೋಗುತ್ತದೆ, ಮಾಪಕ ತೋರಿಸುವುದೇ ಎ. ಅದಕ್ಕೆ ಒಂದೇ ಷರತ್ತು: ನೀರು ಹಿಂದಕ್ಕೆ ಜಾರದಂತೆ ತಡೆಯುವ ಕವಾಟ ಮಾಪಕದ ಹಿಂದಿರಬೇಕು ಮತ್ತು ಸೋರಬಾರದು. ಪಂಪು ನಿಲ್ಲಿಸಿದಾಗ ಕವಾಟ ಧಡ್ ಎಂದು ಮುಚ್ಚಿಕೊಂಡು, ಮುಳ್ಳು ಎರಡು ಮೂರು ಸಲ ಹೊಯ್ದಾಡಿ, 4.0ರ ಮೇಲೆ ನಿಂತಿತು. ಐದು ನಿಮಿಷ ಕಾದರೂ ಇಳಿಯಲಿಲ್ಲ. ಪಂಪಿಲ್ಲದಾಗ ಮುಳ್ಳು ನಡುಗುವುದೂ ಇಲ್ಲ. “ಈಗ ನೋಡ್ರಿ ಹೆಂಗ ನಿಂತೈತಿ, ಸಾಲಿ ಹುಡುಗನಂಗ” ಎಂದ ನಮ್ಮವನು.

ಹೀಗೆ ಎರಡು ಅಜ್ಞಾತಗಳಿಗೆ ಮೂರು ಸಮೀಕರಣಗಳಾದವು, ಮೂರೂ ಒಂದನ್ನೊಂದು ಸಂಪೂರ್ಣ ಒಪ್ಪುವುದಿಲ್ಲ. ಸೊನ್ನೆ ಮತ್ತು 8 ಲೀಟರಿನ ಓದುಗಳಿಂದ ಘ 0.25, ಸೊನ್ನೆ ಮತ್ತು 5 ಲೀಟರಿನವುಗಳಿಂದ 0.24. ಯಾರ ಮಾತು ಕೇಳಬೇಕು? ಇದಕ್ಕೆ ಲೆಜಾಂದ್ರ 1805ರಲ್ಲಿ ಪ್ರಕಟಿಸಿದ, ತಾನು ಅದಕ್ಕೂ ಮೊದಲೇ ಬಳಸುತ್ತಿದ್ದೆ ಎಂದು ಗೌಸ್ 1809ರಲ್ಲಿ ಹೇಳಿಕೊಂಡ, ಕನಿಷ್ಠ ವರ್ಗಗಳ ವಿಧಾನವಿದೆ. ಯಾರನ್ನೂ ಪೂರ್ತಿ ನಂಬದೆ, ಎಲ್ಲರ ತಪ್ಪುಗಳ ವರ್ಗಗಳ ಮೊತ್ತ ಅತ್ಯಂತ ಕಡಿಮೆಯಾಗುವಂತೆ ಎ ಮತ್ತು ಘ ಆರಿಸುವುದು ಅದರ ನ್ಯಾಯ. ಬಿಡಿಸುತ್ತ ಹೋದರೆ ಕೊನೆಗೆ ಎದುರಾಗುವುದು ಮತ್ತೆ ಒಂದು ಜೋಡಿ ಏಕಕಾಲಿಕ ಸಮೀಕರಣಗಳೇ:

3 ಎ + 89 ಘ = 142
89 ಎ + 4721 ಘ = 4734

89 ಎಂಬುದು ಮೂರು ಹರಿವುಗಳ ವರ್ಗಗಳ ಮೊತ್ತ, 142 ಮೂರು ಒತ್ತಡಗಳ ಮೊತ್ತ. ಎರಡನೆಯ ಸಾಲು ಇವನ್ನೇ ಮತ್ತೊಮ್ಮೆ ಹರಿವಿನ ವರ್ಗದಿಂದ ಗುಣಿಸಿ ಕೂಡಿದ್ದು. ಎ 39.90, ಘ 0.2506 ಬಂತು. ತಾರಸಿಯಿಂದ ದಾರ ಇಳಿಬಿಟ್ಟು ಅಳೆದಾಗಲೂ ಎತ್ತರ ನಲವತ್ತರ ಆಸುಪಾಸಿನಲ್ಲಿಯೇ ಸಿಕ್ಕಿತು. ಕಳೆದುಹೋಗಿದ್ದ ಎರಡು ಮಹಡಿಗಳು ಮರಳಿ ಬಂದವು.

ಇಲ್ಲಿ ಓದುಗರಲ್ಲಿ ಯಾರಾದರೂ, ಘರ್ಷಣೆ ಹರಿವಿನ ವರ್ಗದಂತೆಯೇ ಏಕೆ ಏರಬೇಕು, ಆ ಎರಡು ಎಂಬ ಘಾತಾಂಕವನ್ನು ಯಾರು ಕೊಟ್ಟರು ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಎಣ್ಣೆಯ ಕಿರಿದಾದ ಸಂದಿಯಲ್ಲಿ ದ್ರವ ಪದರಪದರವಾಗಿ ಜಾರುತ್ತದೆ, ಅಲ್ಲಿ ನಷ್ಟ ಹರಿವಿನ ಮೊದಲ ಘಾತಕ್ಕೆ ಅನುಗುಣ. ನಮ್ಮ ಕೊಳವೆಯಲ್ಲಿ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಸುಳಿಸುಳಿಯಾಗಿ ಏರುತ್ತದೆ. ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು ತೋರಿಸಿದ ಆ ಎರಡು ಸ್ವಭಾವಗಳ ಗಡಿ ಎರಡು ಸಾವಿರದ ಆಸುಪಾಸಿನಲ್ಲಿದ್ದರೆ, ನಮ್ಮ ಕೊಳವೆಯ ರೆನಾಲ್ಡ್ಸ್ ಸಂಖ್ಯೆ, ಅಂದರೆ ಹರಿವಿನ ನುಗ್ಗನ್ನು ಸ್ನಿಗ್ಧತೆಯ ಹಿಡಿತದೊಂದಿಗೆ ಹೋಲಿಸುವ ಅಂಕಿ, ಸುಮಾರು ಒಂದು ಲಕ್ಷ. ಸುಳಿಯೂ ಇದ್ದು, ಗೋಡೆಯೂ ತುಕ್ಕಿನಿಂದ ಒರಟಾಗಿದ್ದರೆ ವರ್ಗದ ನಿಯಮ ಚೆನ್ನಾಗಿ ಹೊಂದುತ್ತದೆ. ಕೊಳಾಯಿ ಕೆಲಸದ ಕೋಷ್ಟಕಗಳಲ್ಲಿ ಬಳಸುವ ಹೇಝನ್ ವಿಲಿಯಮ್ಸ್ ಸೂತ್ರದಲ್ಲಿ ಘಾತಾಂಕ 1.85 ಇರುತ್ತದೆ. ಘಾತಾಂಕವನ್ನೂ ಅಜ್ಞಾತವೆಂದೇ ಇಟ್ಟುಕೊಂಡರೆ ಮೂರು ಅಜ್ಞಾತ, ಮೂರು ಓದು. ಎ ಈಗ ಗೊತ್ತಿರುವುದರಿಂದ ಎರಡೂ ಒತ್ತಡಗಳಿಂದ 40 ಕಳೆದು, ಉಳಿದ 16 ಮತ್ತು 6ರ ಅನುಪಾತದ ಲಾಗ್ ಅನ್ನು ಹರಿವುಗಳ ಅನುಪಾತದ ಲಾಗ್‌ನಿಂದ ಭಾಗಿಸಿದರೆ ಸಾಕು: 2.09. ಆದರೆ ಆ 6 ಮೀಟರಿನಲ್ಲಿ ಅರ್ಧ ಗೆರೆ ಅತ್ತಿತ್ತಾದರೆ ಅದು 1.9ರಿಂದ 2.3ರವರೆಗೆ ಓಲಾಡುತ್ತದೆ. ನಮ್ಮ ಮಾಪಕದಿಂದ ಇದಕ್ಕಿಂತ ಹೆಚ್ಚನ್ನು ಹಿಂಡಲು ಹೋಗುವುದು ಒಣಕಬ್ಬನ್ನು ಗಾಣಕ್ಕೆ ಹಾಕಿದಂತೆ.

ಸೊನ್ನೆ ಹರಿವಿನ ಓದು ಹುಡುಗಿಯ ತಲೆಯಲ್ಲಿ ಏನನ್ನೋ ಕದಲಿಸಿರಬೇಕು. ಆ ರಾತ್ರಿ ಊಟಕ್ಕೆ ಕುಳಿತಾಗ, ಒಳಕೊಳವೆಯೇ ಇಲ್ಲದ ಬರಿಯ ಕೊಳವೆಯಲ್ಲಿ ಗೋಡೆ ಒಂದೇ ಇರುವಾಗ ಎರಡನೆಯ ಸಮೀಕರಣ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಕೇಂದ್ರದಿಂದ ಬರುತ್ತದೆ. ಅಲ್ಲಿ ತ ಸೊನ್ನೆ, ಸೊನ್ನೆಯ ಲಾಗ್ ಪಾತಾಳಕ್ಕೆ ಇಳಿಯುತ್ತದೆ, ದ್ರವದ ವೇಗ ಹಾಗೆ ಇಳಿಯಲಾರದು, ಆದ್ದರಿಂದ ಸ1 ಸೊನ್ನೆಯಾಗಲೇಬೇಕು. ಪಂಪು ನಿಲ್ಲಿಸಿದಾಗ ಘ ಎದ್ದುಹೋದಂತೆ ಇಲ್ಲಿ ಒಂದು ಅಜ್ಞಾತ ಲೆಕ್ಕವಿಲ್ಲದೆಯೇ ಎದ್ದುಹೋಗುತ್ತದೆ. ಆದರೆ ಅದೇ ಕೇಂದ್ರದಲ್ಲಿ ಕೊಳವೆಯ ಐನೂರರಲ್ಲಿ ಒಂದು ಪಾಲಿನಷ್ಟು ದಪ್ಪದ ಒಂದು ತಂತಿಯನ್ನು ಉದ್ದಕ್ಕೂ ಬಿಗಿದರೆ ಲಾಗ್ ಮತ್ತೆ ಜೀವ ಪಡೆಯುತ್ತದೆ. ಲೆಕ್ಕ ಹಾಕಿ ನೋಡಿದೆವು: ಪದರಪದರವಾದ ಹರಿವಿನಲ್ಲಿ, ಅಷ್ಟೇ ಒತ್ತಡಕ್ಕೆ, ಆ ಕೂದಲಿನಂಥ ತಂತಿ ಹರಿವಿನ ಶೇಕಡಾ 16ರಷ್ಟನ್ನು ಕಡಿದುಹಾಕುತ್ತದೆ. 500ರ ಲಾಗ್ 6.2, ಅದರ ವಿಲೋಮ 0.16. ಇದನ್ನು ನಾನು ಎಷ್ಟೋ ವರ್ಷಗಳಿಂದ ಬಲ್ಲೆ, ಆದರೂ ಪ್ರತಿ ಸಲವೂ ಮತ್ತೊಮ್ಮೆ ಲೆಕ್ಕ ಹಾಕದೆ ನಂಬಲು ಮನಸ್ಸು ಒಪ್ಪುವುದಿಲ್ಲ.

ಸಮಿತಿಯ ಸಭೆಗೆ ಎರಡು ಅಂಕಿಗಳನ್ನು ಒಯ್ದೆ. ಒಂದು ಪಂಪು ನಡೆಯುವಾಗ 46 ಮೀಟರಿನಲ್ಲಿ ಕೊಳವೆ ತಿನ್ನುವುದು ಸುಮಾರು 6 ಮಾತ್ರ. 80 ಮಿಲಿಮೀಟರಿನ ಕೊಳವೆ ಹಾಕಿದರೆ, ನಷ್ಟ ವ್ಯಾಸದ ಐದನೆಯ ಘಾತದಂತೆ ಇಳಿಯುವುದರಿಂದ, ಅದು ಮೂರರಲ್ಲಿ ಒಂದು ಪಾಲಿಗೆ ಬರುತ್ತದೆ, ಆದರೂ ಉಳಿತಾಯವಾಗುವುದು ಸುಮಾರು ನಾಲ್ಕು ಮೀಟರ್ ಅಷ್ಟೇ. ಎರಡೂ ಪಂಪುಗಳನ್ನು ಒಟ್ಟಿಗೆ ನಡೆಸಿದರೆ ಟ್ಯಾಂಕು ಬೇಗ ತುಂಬುತ್ತದೆ, ಆದರೆ ಪ್ರತಿ ಲೀಟರನ್ನೂ 46ರ ಬದಲು 56 ಮೀಟರಿಗೆ ಎತ್ತಿದಷ್ಟು ಶಕ್ತಿ ಬೇಕು, ಅಂದರೆ ಶೇಕಡಾ 22 ಹೆಚ್ಚು. ಬೆಳಿಗ್ಗೆ ನೀರಿಗೆ ನೂಕುನುಗ್ಗಲಿರುವ ಹೊತ್ತಿನಲ್ಲಿ ಮಾತ್ರ ಎರಡನ್ನೂ ನಡೆಸುವುದು, ಉಳಿದ ಹೊತ್ತು ಒಂದೇ ಎಂದು ತೀರ್ಮಾನವಾಯಿತು. ಗುತ್ತಿಗೆದಾರರಿಬ್ಬರಿಗೂ ಚಹಾ ಕೊಟ್ಟು ಕಳಿಸಿದರು.

ಕಟ್ಟಡ ಬೆಳೆಯುವುದಿಲ್ಲವಾದ್ದರಿಂದ ಎ ಇನ್ನು ಅಜ್ಞಾತವಲ್ಲ. ತುಕ್ಕು ಬೆಳೆಯುತ್ತದೆ, ಆದ್ದರಿಂದ ಘ ಒಂದನ್ನು ಮಾತ್ರ ಆಗಾಗ ನೋಡುತ್ತಿದ್ದರೆ ಸಾಕು, ಅದಕ್ಕೆ ಒಂದೇ ಸಮೀಕರಣ ಸಾಕು. ಪಂಪುಮನೆಯ ಗೋಡೆಯ ಮೇಲೆ ‘ಎ = 40’ ಎಂದು ಬಣ್ಣದಲ್ಲಿ ಬರೆಸಿ, ಅದರ ಕೆಳಗೆ ‘ಒ’ ಮತ್ತು ‘ಹ’ ಎಂದು ಎರಡು ಸಾಲು ಎಳೆಸಿದ್ದೇನೆ. ತಿಂಗಳಿಗೊಮ್ಮೆ ಎರಡೂ ಪಂಪು ನಡೆಯುವಾಗ ಸೀಮೆಸುಣ್ಣದಿಂದ ತುಂಬುವುದು ನಮ್ಮ ಇಂಡಿಯವನ ಕೆಲಸ. ಮೊನ್ನೆ ಕಾರ್ಯದರ್ಶಿಗಳು ಅತ್ತ ಹೋದವರು ಗೋಡೆಯ ಮೇಲಿನ ಆ ಅಕ್ಷರಗಳು ಯಾವ ಮಂತ್ರ ಎಂದು ಮರಾಠಿಯಲ್ಲಿ ಕೇಳಿದರಂತೆ. ಅವನು ಸೀಮೆಸುಣ್ಣದ ತುಂಡಿನಿಂದಲೇ ಒಂದೊಂದನ್ನೂ ಮುಟ್ಟಿ, “ಹೇ ಪ್ರೆಶರ್, ಹೇ ಪಾಣೀ” ಎಂದು ಹೇಳಿ, ಒಂದು ಕ್ಷಣ ತಡೆದು, ಮೇಲಿನ ನಲವತ್ತನ್ನು ತೋರಿಸಿ, “ಆಣಿ ಹೀ ಬಿಲ್ಡಿಂಗ್” ಎಂದನಂತೆ.